ದಪ್ಪ ಪೇಪರ್‌ಬ್ಯಾಕ್ ಪುಸ್ತಕ ಬಿಡಿಸಿದಲ್ಲಿ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ, ಓದದೆ ಉಳಿದಿದ್ದ ದೊಡ್ಡ ಕಾದಂಬರಿಗಳನ್ನು ಕೈಗೆತ್ತಿಕೊಂಡಿದ್ದೇನೆ. ಈಗ ಓದುತ್ತಿರುವುದು ಸುಮಾರು 800 ಪುಟಗಳ ಪೇಪರ್‌ಬ್ಯಾಕ್. ಅಗಲಿಸಿ ಹಿಡಿಯದಿದ್ದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಿಡಿದರೆ ಅರ್ಧ ಗಂಟೆಯೊಳಗೆ ಎಡಗೈ ಹೆಬ್ಬೆರಳು ನೋಯುತ್ತದೆ. ಎಡಪುಟದ ಸಾಲುಗಳ ಕೊನೆಯ ಅಕ್ಷರಗಳು ಬೆನ್ನಿನೊಳಗೆ ಸೇರಿಕೊಂಡು ಕಾಣುವುದಿಲ್ಲ. ಸ್ವಲ್ಪ ಒತ್ತಿ ಬಿಡಿಸಿದ್ದಕ್ಕೆ ಬೆನ್ನು ಸೀಳಿ ಕೆಲವು ಹಾಳೆಗಳು ಸಡಿಲವಾಗಿವೆ. ತಪ್ಪು ನಾನು ಹಿಡಿಯುವ ರೀತಿಯದೋ, ಪುಸ್ತಕದ್ದೋ? ಗಟ್ಟಿ ರಟ್ಟಿನ ಪ್ರತಿ ಕೊಂಡರೆ ಈ ತೊಂದರೆ ಇರುವುದಿಲ್ಲವೇ? ಪುಸ್ತಕವನ್ನು ಎರಡು ಭಾಗ ಮಾಡಿಸುತ್ತೇನೆಂದರೆ ಮನೆಯವರೆಲ್ಲ ಗದರುತ್ತಾರೆ. ಹಾಗೆ ಮಾಡಿಸಬಹುದೇ?
(ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು)

ಉತ್ತರ: ತಪ್ಪು ಬಹುಪಾಲು ಪುಸ್ತಕದ್ದು. ನೀವು ಬರೆದಿರುವ ತೊಂದರೆಗಳೆಲ್ಲ ಬೇರೆಬೇರೆಯಾಗಿ ಕಂಡರೂ ಮೂಲ ಒಂದೇ. ನಾವು ಸಾಮಾನ್ಯವಾಗಿ ಪುಸ್ತಕದ ದಪ್ಪವನ್ನು ದೂರುತ್ತೇವೆ. ಆದರೆ ಇದಕ್ಕಿಂತ ದಪ್ಪವಾದ ಹಳೆಯ ಪುರಾಣದ ಪುಸ್ತಕಗಳೂ ನಿಘಂಟುಗಳೂ ಮೇಜಿನ ಮೇಲೆ ಬಿಡಿಸಿಟ್ಟರೆ ಬಿಡಿಸಿದ ಪುಟದಲ್ಲೇ ಮಲಗಿರುವುದನ್ನು ನೀವೂ ನೋಡಿರುತ್ತೀರಿ. ವ್ಯತ್ಯಾಸವಿರುವುದು ಬೆನ್ನಿನಲ್ಲಿ. ಬೆನ್ನಿಗೆ ಯಾವ ಅಂಟು ಹಾಕಬೇಕು, ಕಾಗದದ ಎಳೆ, ಅಂದರೆ ಅದರ ನಾರಿನ ಸಾಲು, ಯಾವ ದಿಕ್ಕಿಗೆ ಬರಬೇಕು, ಒಳ ಅಂಚಿಗೆ ಎಷ್ಟು ಜಾಗ ಬಿಡಬೇಕು ಎಂಬ ಮೂರು ನಿರ್ಧಾರಗಳು ಪುಸ್ತಕ ಅಂಗಡಿಗೆ ಬರುವ ಮೊದಲೇ ಮುದ್ರಣಾಲಯದಲ್ಲಿ ಆಗಿಹೋಗಿರುತ್ತವೆ. ಪುಸ್ತಕ ಕಟ್ಟುವ ಕಸುಬಿನಲ್ಲಿರುವವನಾಗಿ ಹೇಳುತ್ತೇನೆ, ಎಷ್ಟೋ ಬಾರಿ ಅವು ನಿರ್ಧಾರಗಳೂ ಆಗಿರುವುದಿಲ್ಲ; ಯಾರೂ ಯೋಚಿಸದೆ ಹಾಗೇ ನಡೆದುಹೋಗಿರುತ್ತವೆ.

ಮೊದಲು ತೂಕದ ಲೆಕ್ಕ ನೋಡೋಣ. ಕನ್ನಡದಲ್ಲಿ ಹೆಚ್ಚು ಬಳಕೆಯಲ್ಲಿರುವ ಡೆಮಿ 1/8 ಆಕಾರದ ಪುಸ್ತಕವು ಅಂಚು ಕತ್ತರಿಸಿದ ಮೇಲೆ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ ಇರುತ್ತದೆ. 800 ಪುಟವೆಂದರೆ 400 ಹಾಳೆ, ಒಟ್ಟು ವಿಸ್ತೀರ್ಣ ಸುಮಾರು 12 ಚದರ ಮೀಟರ್. 70 ಜಿಎಸ್‌ಎಂ ಮ್ಯಾಪ್ಲಿಥೋ ಎಂಬ ಸಾಮಾನ್ಯ ಮುದ್ರಣ ಕಾಗದ ಒಂದು ಚದರ ಮೀಟರಿಗೆ 70 ಗ್ರಾಂ ತೂಗುವುದರಿಂದ ಹಾಳೆಗಳೇ 840 ಗ್ರಾಂ ಆಗುತ್ತವೆ. ರಕ್ಷಾಪುಟವೂ ಅಂಟೂ ಸೇರಿದರೆ 870ರ ಆಸುಪಾಸು. ದಪ್ಪ ಮೂರೂವರೆ ಸೆಂ.ಮೀ.ಗಿಂತ ತುಸು ಹೆಚ್ಚು. ಇದೇ ಪುಸ್ತಕವನ್ನು ವ್ಯಾಪಾರದಲ್ಲಿ ಬಲ್ಕಿ ಎಂದು ಕರೆಯುವ 60 ಜಿಎಸ್‌ಎಂನ ಉಬ್ಬು ಕಾಗದದಲ್ಲಿ ಮುದ್ರಿಸಿದರೆ ಹಾಳೆಗಳ ತೂಕ 720 ಗ್ರಾಮಿಗೆ ಇಳಿಯುತ್ತದೆ, ದಪ್ಪ ಮಾತ್ರ ಇನ್ನೂ ಸ್ವಲ್ಪ ಹೆಚ್ಚಾಗಬಹುದು. ಆದ್ದರಿಂದ ಅಂಗಡಿಯಲ್ಲಿ ಕಂಡ ದಪ್ಪದಿಂದ ತೂಕವನ್ನು ಊಹಿಸಬಾರದು. ಕೈಯಲ್ಲಿ ಹಿಡಿದೇ ನೋಡಬೇಕು. ಹಾಗೆಂದು ಕೇವಲ 870 ಗ್ರಾಂ ತೂಕ, ಮೊಣಕೈಗೆ ಆಸರೆಯಿದ್ದರೆ, ಅರ್ಧ ಗಂಟೆಯಲ್ಲಿ ಒಂದೇ ಬೆರಳನ್ನು ನೋಯಿಸುವಂಥದ್ದೇನೂ ಅಲ್ಲ. ನಿಮ್ಮ ಹೆಬ್ಬೆರಳು ಹೊರುತ್ತಿರುವುದು ಆ ತೂಕದ ಜೊತೆಗೆ, ಮತ್ತೆ ಮತ್ತೆ ಮುಚ್ಚಿಕೊಳ್ಳಲು ಹವಣಿಸುವ ಬೆನ್ನಿನ ಬಲವನ್ನೂ.

ಆ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಪೇಪರ್‌ಬ್ಯಾಕ್ ತಯಾರಾಗುವ ಬಗೆಯನ್ನು ನೋಡಬೇಕು. ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಮಡಚಿ, ಸಾಮಾನ್ಯವಾಗಿ 16 ಪುಟಗಳ ಒಂದೊಂದು ಫಾರಂ ಮಾಡಿಕೊಳ್ಳುತ್ತಾರೆ. 800 ಪುಟಕ್ಕೆ 50 ಫಾರಂಗಳು. ಅವುಗಳನ್ನು ಕ್ರಮವಾಗಿ ಜೋಡಿಸಿ ಯಂತ್ರದ ಹಿಡಿಕೆಗೆ ಕೊಟ್ಟಾಗ, ಗರಗಸದಂಥ ಅಲಗು ಬೆನ್ನಿನ ಕಡೆಯ ಮಡಿಕೆಗಳನ್ನು ಸುಮಾರು 3 ಮಿ.ಮೀ.ನಷ್ಟು ಕೊರೆದು ತೆಗೆಯುತ್ತದೆ. ಈಗ ಮಡಿಕೆಗಳಿಲ್ಲ, 400 ಬಿಡಿ ಹಾಳೆಗಳಷ್ಟೇ ಇವೆ. ಒರಟಾದ ಆ ಅಂಚಿಗೆ ಬಿಸಿ ಅಂಟು ಸವರಿ, ಮೇಲೆ ರಕ್ಷಾಪುಟವನ್ನು ಒತ್ತಿ, ಉಳಿದ ಮೂರು ಅಂಚುಗಳನ್ನು ಕತ್ತರಿಸಿದರೆ ಪುಸ್ತಕ ಸಿದ್ಧ. ಇದು ಪರ್ಫೆಕ್ಟ್ ಬೈಂಡಿಂಗ್. ನಿಮ್ಮ ಕಾದಂಬರಿಯ ಪ್ರತಿಯೊಂದು ಹಾಳೆಯೂ ಕೂದಲೆಳೆಯಷ್ಟು ತೆಳ್ಳಗಿನ ತನ್ನ ಅಂಚಿನಿಂದ ಮಾತ್ರ ಪುಸ್ತಕಕ್ಕೆ ಅಂಟಿಕೊಂಡಿದೆ.

ಬೆಂಗಳೂರಿನ ಹೆಚ್ಚಿನ ಬೈಂಡಿಂಗ್ ಘಟಕಗಳಲ್ಲಿ ಈ ಕೆಲಸಕ್ಕೆ ಬಳಸುವುದು ಇವಿಎ ಎಂಬ ಬಿಸಿ ಅಂಟನ್ನು. ಸುಮಾರು 150ರಿಂದ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸವರಿದರೆ ಕೆಲವೇ ಕ್ಷಣಗಳಲ್ಲಿ ಗಟ್ಟಿಯಾಗುತ್ತದೆ. ಯಂತ್ರದಿಂದ ಹೊರಬಂದ ಪುಸ್ತಕವನ್ನು ಕೂಡಲೇ ಕತ್ತರಿಸಿ ಕಟ್ಟು ಕಟ್ಟಬಹುದು. ಅಗ್ಗ, ವೇಗ, ಮತ್ತು 150 ಪುಟದ ಕವನ ಸಂಕಲನಕ್ಕೆ ಧಾರಾಳವಾಗಿ ಸಾಕು. ಆದರೆ ಹಾಳೆಗಳನ್ನು ಗಟ್ಟಿಯಾಗಿ ಹಿಡಿಯಲು ಈ ಅಂಟನ್ನು ಸಾಕಷ್ಟು ದಪ್ಪವಾಗಿ ಹಾಕಬೇಕು, ತೊಡಕು ಅಲ್ಲೇ ಹುಟ್ಟುವುದು. ಯಾವುದೇ ಪಟ್ಟಿಯನ್ನು ಬಾಗಿಸಲು ಬೇಕಾದ ಬಲವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ; ಅಂಟಿನ ಪದರ ಎರಡರಷ್ಟು ದಪ್ಪವಾದರೆ ಬಾಗಿಸಲು ಎಂಟರಷ್ಟು ಬಲ ಬೇಕು. ಹೀಗೆ ಬಿಗಿಯಾದ ಬೆನ್ನು ನೀವು ಬಿಡಿಸಿದಾಗ ಒಲ್ಲದ ಮನಸ್ಸಿನಿಂದ ಬಾಗಿ, ಕೈ ಸಡಿಲಿಸಿದ ಕೂಡಲೇ ಮೊದಲಿನ ಆಕಾರಕ್ಕೆ ಮರಳುತ್ತದೆ.

ಬೆನ್ನು ಸೀಳುವುದೂ ಇದೇ ಕಾರಣದಿಂದ. ಪುಸ್ತಕವನ್ನು ನಡುವಿನಲ್ಲಿ ಪೂರ್ತಿ ಬಿಡಿಸಿದಾಗ ಬೆನ್ನು ಹಿಮ್ಮುಖವಾಗಿ ಮಡಚಿಕೊಳ್ಳುತ್ತದೆ: ಹೊರಗಿನ ರಕ್ಷಾಪುಟ ಸುಕ್ಕುಗಟ್ಟುತ್ತದೆ, ಒಳಗಡೆ ಎರಡು ಪುಟಗಳ ನಡುವೆ ಅಂಟು ಹಿಗ್ಗಬೇಕಾಗುತ್ತದೆ. ತೆಳ್ಳಗಿನ ಪುಸ್ತಕದಲ್ಲಿ ಈ ಹಿಗ್ಗುವಿಕೆ ಅಲ್ಪ. ಮೂರೂವರೆ ಸೆಂ.ಮೀ. ದಪ್ಪದ ಪುಸ್ತಕದಲ್ಲಿ ಎರಡೂ ಬದಿಯ ಹಾಳೆಗಳ ರಾಶಿ ಸುಮಾರು 1.8 ಸೆಂ.ಮೀ. ಎತ್ತರ ಇರುವುದರಿಂದ, ಬೆನ್ನು ಸಮನಾಗಿ ಬಾಗುವ ಬದಲು ಒತ್ತಡವೆಲ್ಲ ಒಂದೇ ಗೆರೆಯಲ್ಲಿ ಸೇರುತ್ತದೆ, ಆ ಗೆರೆಯಲ್ಲೇ ಅಂಟು ಬಿರುಕು ಬಿಡುತ್ತದೆ. ಒಮ್ಮೆ ಬಿರುಕು ಬಿಟ್ಟ ಮೇಲೆ ಪುಸ್ತಕ ಯಾವಾಗಲೂ ಅಲ್ಲಿಯೇ ತೆರೆದುಕೊಳ್ಳುತ್ತದೆ, ಪ್ರತಿ ಬಾರಿಯೂ ಅದೇ ಹಾಳೆಗಳ ಮೇಲೆ ಎಳೆತ ಬೀಳುತ್ತದೆ, ಕೊನೆಗೆ ಅವು ಕಳಚಿಕೊಳ್ಳುತ್ತವೆ. ಇವಿಎ ಅಂಟಿಗೆ ವಾತಾವರಣವೂ ಶತ್ರು: ಚಳಿಯಲ್ಲಿ ಬಿಗಿಯಾಗುತ್ತದೆ, ಹೆಚ್ಚು ಬಿಸಿಯಲ್ಲಿ ಮೆದುವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ದಪ್ಪ ಪುಸ್ತಕವನ್ನು ಬಿಟ್ಟು ಹೋಗುವುದು ಹಾಳೆಗಳನ್ನು ಕಳಚಲು ಸುಲಭವಾದ ದಾರಿ.

ಅಂಟಿನಿಂದ ಮಾತ್ರ ಹಾಳೆ ಹಿಡಿಸುವ ಪ್ರಯತ್ನ ಹೊಸದೇನಲ್ಲ. ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ 1836ರಲ್ಲಿಯೇ ರಬ್ಬರಿನ ದ್ರಾವಣದಿಂದ ಬಿಡಿ ಹಾಳೆಗಳನ್ನು ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಆ ಪುಸ್ತಕಗಳು ಹೊಸದರಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತಿದ್ದವು; ಕೆಲವು ವರ್ಷಗಳಲ್ಲಿ ರಬ್ಬರ್ ಒಣಗಿ ಪುಡಿಯಾಗಿ ಹಾಳೆಗಳು ಉದುರಿದವು. ಇಂದು ಇವಿಎಗಿಂತ ಉತ್ತಮವಾದ ಅಂಟು ಇದೆ. ಪಿಯುಆರ್ ಎಂದು ಕರೆಯುವ ಪಾಲಿಯುರೆಥೇನ್ ಅಂಟು ಗಾಳಿಯ ಮತ್ತು ಕಾಗದದ ತೇವವನ್ನು ಹೀರಿ ಗಟ್ಟಿಯಾಗುತ್ತದೆ, ಬಹಳ ತೆಳುವಾಗಿ ಹಾಕಿದರೂ ಹಾಳೆಯನ್ನು ಬಿಡುವುದಿಲ್ಲ, ತೆಳುವಾಗಿರುವುದರಿಂದಲೇ ಸರಾಗವಾಗಿ ಬಾಗುತ್ತದೆ, ಬಿಸಿಲು ಚಳಿಗೂ ಜಗ್ಗುವುದಿಲ್ಲ. ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ದಿನ ಬೇಕು, ಬೆಲೆ ಹೆಚ್ಚು, ಅದಕ್ಕೆಂದೇ ಬೇರೆ ಯಂತ್ರ ವ್ಯವಸ್ಥೆಯೂ ಬೇಕು. ಸಾವಿರ ಪ್ರತಿ ಅಥವಾ ಅದಕ್ಕೂ ಕಡಿಮೆ ಅಚ್ಚಾಗುವ ಕನ್ನಡ ಪುಸ್ತಕಕ್ಕೆ ಪ್ರಕಾಶಕರು ಇದನ್ನು ದುಬಾರಿ ಎನ್ನುವುದು ನನಗೆ ಅರ್ಥವಾಗುತ್ತದೆ. ಆದರೆ 500 ಪುಟ ಮೀರಿದ ಪುಸ್ತಕಕ್ಕೆ ಆ ಖರ್ಚನ್ನು ಮಾಡದೆ, ರಕ್ಷಾಪುಟದ ಮೇಲೆ ಹೊಳೆಯುವ ಉಬ್ಬಕ್ಷರಕ್ಕೆ ಹಣ ಹಾಕುವುದು ಮಾತ್ರ ನನಗೆ ಒಪ್ಪಿಗೆಯಾಗದ ವಿಚಾರ.

ಎರಡನೆಯ ನಿರ್ಧಾರ ಕಾಗದದ ಎಳೆಯದು. ಓದುಗರಿಗೆ ಇದರ ಪರಿಚಯ ಕಡಿಮೆ, ಮುದ್ರಕರು ಇದನ್ನು ಮರೆಯುವುದು ಹೆಚ್ಚು. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಒದ್ದೆ ನಾರುಗಳು ಯಂತ್ರ ಓಡುವ ದಿಕ್ಕಿನಲ್ಲೇ ಹೆಚ್ಚಾಗಿ ಸಾಲುಗಟ್ಟುತ್ತವೆ. ಬಿದಿರುಕಡ್ಡಿಯ ಪರದೆಯನ್ನು ಒಂದು ದಿಕ್ಕಿನಲ್ಲಿ ಸರಾಗವಾಗಿ ಸುತ್ತಬಹುದು, ಇನ್ನೊಂದು ದಿಕ್ಕಿನಲ್ಲಿ ಸುತ್ತಲು ಹೋದರೆ ಕಡ್ಡಿಗಳೇ ಎದುರು ನಿಲ್ಲುತ್ತವೆ, ಕಾಗದವೂ ಹಾಗೆಯೇ. ನಾರಿನ ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಪುಟ ಮೆತ್ತಗೆ ಬಾಗಿ ಪಕ್ಕಕ್ಕೆ ಒರಗುತ್ತದೆ. ಅಡ್ಡಲಾಗಿದ್ದರೆ ಪ್ರತಿ ಪುಟವೂ ಸಣ್ಣ ಸ್ಪ್ರಿಂಗಿನಂತೆ ಸೆಟೆದು ನಿಲ್ಲುತ್ತದೆ. ಒಂದು ಪುಟದ ಸೆಡವು ಲೆಕ್ಕಕ್ಕೆ ಬಾರದು. ಒಂದೊಂದು ಬದಿಗೆ 200 ಹಾಳೆಗಳು ಒಟ್ಟಾಗಿ ಸೆಟೆದಾಗ ಅವನ್ನು ಅದುಮಿ ಹಿಡಿಯುವ ಕೆಲಸ ನಿಮ್ಮ ಬೆರಳಿಗೆ ಬರುತ್ತದೆ. ಸರಿಯಾದ ಎಳೆಯ ಕಾಗದವನ್ನು ತರಿಸಲು ಮುದ್ರಕನಿಗೆ ಹೆಚ್ಚಿನ ಖರ್ಚಿಲ್ಲ, ಹಾಳೆಯನ್ನು ಯಾವ ಬದಿಯಿಂದ ಯಂತ್ರಕ್ಕೆ ಕೊಡಬೇಕು, ಯಾವ ಅಳತೆಯದನ್ನು ಕೊಳ್ಳಬೇಕು ಎಂಬ ಎಚ್ಚರ ಸಾಕು. ಕೈಗೆ ಸಿಕ್ಕ ಅಳತೆಯ ಕಾಗದವನ್ನೇ ಬಳಸಿದಾಗ, ಅಥವಾ ಕಡಿಮೆ ಪ್ರತಿಗಳನ್ನು ಡಿಜಿಟಲ್ ಯಂತ್ರದಲ್ಲಿ ಕತ್ತರಿಸಿದ ಹಾಳೆಗಳ ಮೇಲೆ ಅಚ್ಚು ಹಾಕಿದಾಗ ಈ ಎಚ್ಚರ ತಪ್ಪುತ್ತದೆ.

ನಿಮ್ಮ ಪುಸ್ತಕದ ಎಳೆ ಹೇಗಿದೆ ಎಂದು ಮನೆಯಲ್ಲೇ ತಿಳಿಯಬಹುದು. ಸಡಿಲವಾದ ಹಾಳೆಯೊಂದು ಇದೆಯಲ್ಲ, ಅದನ್ನು ಮಡಚದೆ, ಗೆರೆ ಬೀಳಿಸದೆ, ಒಮ್ಮೆ ಎಡಬಲ ಅಂಚುಗಳು ಕೂಡುವಂತೆ, ಇನ್ನೊಮ್ಮೆ ಮೇಲಿನ ಕೆಳಗಿನ ಅಂಚುಗಳು ಕೂಡುವಂತೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಎಡಬಲ ಅಂಚು ಕೂಡಿಸುವಾಗ ಹಾಳೆ ಸುಲಭವಾಗಿ ಬಾಗಿದರೆ ಎಳೆ ಸರಿಯಿದೆ. ಅಲ್ಲಿಯೇ ಅದು ಹೆಚ್ಚು ಎದುರಿಸಿದರೆ ಎಳೆ ಅಡ್ಡವಾಗಿದೆ. ಜೂನ್ ಕಳೆದ ಮೇಲೆ ಇನ್ನೊಂದು ಕುರುಹು ಕಾಣಿಸುತ್ತದೆ. ಕಾಗದ ತೇವ ಹೀರಿದಾಗ ಎಳೆಗೆ ಅಡ್ಡಲಾದ ದಿಕ್ಕಿನಲ್ಲಿ ಹೆಚ್ಚು ಹಿಗ್ಗುತ್ತದೆ; ಎಳೆ ಅಡ್ಡವಾದ ಪುಸ್ತಕದಲ್ಲಿ ಹಾಳೆ ಎತ್ತರದ ದಿಕ್ಕಿನಲ್ಲಿ ಹಿಗ್ಗಲು ಹೊರಟರೆ ಬೆನ್ನಿನ ಅಂಟು ಅದಕ್ಕೆ ಎಡೆಗೊಡುವುದಿಲ್ಲ, ಹಾಗಾಗಿ ಹೊರ ಅಂಚು ಅಲೆಅಲೆಯಾಗಿ ಏಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಇಂಥ ಪುಸ್ತಕಗಳು ಕಪಾಟಿನಲ್ಲಿ ಕುಳಿತಲ್ಲೇ ಊದಿಕೊಂಡು, ಬೇಸಿಗೆಯಲ್ಲಿ ಅರೆಬರೆ ಇಳಿಯುತ್ತವೆ.

ಒಳ ಅಂಚಿನ ವಿಚಾರಕ್ಕೆ ಬಂದರೆ, ಅದು ಶುದ್ಧ ಅಜಾಗ್ರತೆ. ಪುಟವಿನ್ಯಾಸ ಮಾಡುವವರು ಪರದೆಯ ಮೇಲೆ ಚಪ್ಪಟೆಯಾದ ಪುಟವನ್ನು ನೋಡುತ್ತಾರೆ. ಆ ಪುಟದಿಂದ ಯಂತ್ರ 3 ಮಿ.ಮೀ. ಕೊರೆಯುತ್ತದೆ, ಮೊದಲ ಮತ್ತು ಕೊನೆಯ ಪುಟಗಳಲ್ಲಿ ರಕ್ಷಾಪುಟವನ್ನು ಹಿಡಿಸುವ ಪಕ್ಕದ ಅಂಟು ಇನ್ನೂ ಕೆಲವು ಮಿ.ಮೀ. ನುಂಗುತ್ತದೆ, ಉಳಿದಿದ್ದರಲ್ಲಿ ಒಂದು ಭಾಗ, ಬಾಗಿದ ಪುಟದ ಕಮಾನಿನೊಳಗೆ ಇಳಿದು ಕಣ್ಣಿಗೆ ಮರೆಯಾಗುತ್ತದೆ. 150 ಪುಟದ ಪುಸ್ತಕಕ್ಕೆ ಸಾಕಾಗುವ ಒಳ ಅಂಚನ್ನೇ 800 ಪುಟದ್ದಕ್ಕೂ ಇಟ್ಟರೆ ಸಾಲುಗಳ ತುದಿ ಎರಡು ಪುಟಗಳ ನಡುವಿನ ಕಣಿವೆಯೊಳಗೆ ಬೀಳಲೇಬೇಕು. ಇಷ್ಟು ದಪ್ಪದ ಪುಸ್ತಕಕ್ಕೆ ಕತ್ತರಿಸಿದ ಮೇಲೆ ಕನಿಷ್ಠ 22ರಿಂದ 25 ಮಿ.ಮೀ. ಒಳ ಅಂಚು ಉಳಿಯಬೇಕೆಂದು ನಾನು ಕೇಳುತ್ತೇನೆ, ಬಹುಮಟ್ಟಿಗೆ ಅದು ಸಿಗುವುದಿಲ್ಲ. ಕನ್ನಡದಲ್ಲಿ ಜಾಗಕ್ಕೆ ಪೈಪೋಟಿ ಹೆಚ್ಚು: ಕೆಳಗೆ ಒತ್ತಕ್ಷರ, ಮೇಲೆ ಗುಡಿಸು, ಏತ್ವಗಳು ಬರುವುದರಿಂದ ಸಾಲುಗಳ ನಡುವೆ ಧಾರಾಳ ಅಂತರ ಬೇಕು, ಪುಟಗಳು ಹೆಚ್ಚುತ್ತವೆ, ಹೆಚ್ಚಿದ ಪುಟಗಳನ್ನು ಇಳಿಸಲು ಅಂಚನ್ನು ಕಡಿಯುತ್ತಾರೆ. ನಷ್ಟವೂ ಕನ್ನಡಕ್ಕೇ ಹೆಚ್ಚು, ಏಕೆಂದರೆ ಎಡಪುಟದಲ್ಲಿ ಮರೆಯಾಗುವುದು ಸಾಲಿನ ಕೊನೆ, ಬಂದದ್ದು ಅವನೋ ಅವಳೋ, ಬಂದದ್ದು ನಿಜವೋ ಅಲ್ಲವೋ ಎಂಬುದೆಲ್ಲ ನಮ್ಮಲ್ಲಿ ತೀರ್ಮಾನವಾಗುವುದು ಆ ಕೊನೆಯ ಅಕ್ಷರದಲ್ಲೇ. ಮೇಲೆ ಚಾವಣಿಯಲ್ಲಿ ದೀಪವಿದ್ದರೆ ಬಾಗಿದ ಪುಟದ ನೆರಳೂ ಆ ಅಕ್ಷರದ ಮೇಲೇ ಬೀಳುತ್ತದೆ. ಮೇಜಿನ ದೀಪವನ್ನು ಪುಸ್ತಕದ ತಲೆಯ ಕಡೆ, ಬೆನ್ನಿನ ಗೆರೆಯ ನೇರದಲ್ಲಿ ಇಟ್ಟರೆ ಕಣಿವೆಯೊಳಗೂ ಬೆಳಕು ಹೋಗುತ್ತದೆ.

ಗಟ್ಟಿ ರಟ್ಟಿನ ಪ್ರತಿ ಕೊಂಡರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ರಟ್ಟಿನಿಂದ ಖಾತರಿ ಇಲ್ಲ, ಹೊಲಿಗೆಯಿಂದ ಇದೆ. ಈಗ ಅನೇಕ ಗಟ್ಟಿ ರಟ್ಟಿನ ಪುಸ್ತಕಗಳ ಒಳಗೂ ಇದೇ ಕೊರೆದು ಅಂಟಿಸಿದ ಹಾಳೆಗಳಿರುತ್ತವೆ. ಮೇಲೆ ರಟ್ಟಿನ ಅಂಗಿ ತೊಡಿಸಿರುತ್ತಾರೆ ಅಷ್ಟೆ. ಗುರುತಿಸುವುದು ಸುಲಭ. ಪುಸ್ತಕವನ್ನು ಮುಚ್ಚಿ ಬೆನ್ನಿನ ಮೇಲ್ತುದಿಯನ್ನು ನೋಡಿ. ಸಣ್ಣ ಸಣ್ಣ ಮಡಿಕೆಗಳ ಗೊಂಚಲುಗಳು ಪಕ್ಕಪಕ್ಕದಲ್ಲಿ ಕಂಡು, ಒಳಗೆ ಪ್ರತಿ ಫಾರಂನ ನಟ್ಟನಡುವಿನ ಪುಟದಲ್ಲಿ ದಾರ ಕಾಣಿಸಿದರೆ ಅದು ಹೊಲಿದ ಪುಸ್ತಕ. ಗೊಂಚಲುಗಳಿಲ್ಲದೆ ಒಂದೇ ಸಮನೆ ಕತ್ತರಿಸಿದ ಹಾಳೆಗಳೂ ಅಂಟಿನ ಗಟ್ಟಿ ಪಟ್ಟಿಯೂ ಕಂಡರೆ ಮೇಲೆ ಯಾವ ರಟ್ಟಿದ್ದರೂ ಅದು ಪರ್ಫೆಕ್ಟ್ ಬೈಂಡಿಂಗ್. ಹೊಲಿದ ಪುಸ್ತಕದಲ್ಲಿ ಹಾಳೆ ತನ್ನ ಮಡಿಕೆಯ ಬಲದಿಂದ ನಿಲ್ಲುತ್ತದೆ, ಅಂಟಿನ ಕೆಲಸ ಕಡಿಮೆ, ಆದ್ದರಿಂದ ಬೆನ್ನು ತೆಳುವಾಗಿಯೂ ಸಡಿಲವಾಗಿಯೂ ಇರಬಹುದು. ಹೊಲಿದು, ಮೇಲೆ ತೆಳ್ಳಗಿನ ರಕ್ಷಾಪುಟ ಹಾಕಿದ ಪೇಪರ್‌ಬ್ಯಾಕ್ ದಪ್ಪ ಕಾದಂಬರಿಗೆ ನನ್ನ ಪ್ರಕಾರ ಅತ್ಯುತ್ತಮ ರೂಪ; ರಟ್ಟಿನ ತೂಕವೂ ಇರುವುದಿಲ್ಲ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ದಶಕಗಳ ಹಿಂದಿನ ಇಂಥ ಪ್ರತಿಗಳು ಸಿಗುತ್ತವೆ, ಕಾಗದ ಹಳದಿಯಾಗಿದ್ದರೂ ಅವು ಇಂದಿನವಕ್ಕಿಂತ ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಬೈಬಲ್ ಕಾಗದದಂಥ ತೆಳು ಹಾಳೆಯಲ್ಲಿ, ಬೆನ್ನು ಮೇಲ್ಗಡೆ ಬರುವಂತೆ ಅಡ್ಡಲಾಗಿ ಅಚ್ಚು ಹಾಕಿದ ಅಂಗೈಯಗಲದ ಪುಸ್ತಕಗಳು ಬಂದವು. ಒಂದೇ ಕೈಯಲ್ಲಿ ಹಿಡಿದು ಓದಬಹುದಾದ ಜಾಣ ಉಪಾಯ ಅದು. ನಮ್ಮಲ್ಲಿ ಆ ಕಾಗದದ ಬೆಲೆಗೆ ಪ್ರಕಾಶಕರು ಮುಂದಾಗುವರೆಂಬ ಭರವಸೆ ನನಗಿಲ್ಲ.

ಇನ್ನು ಮುಂದೆ ಕೊಳ್ಳುವಾಗ ಅಂಗಡಿಯಲ್ಲೇ ಪುಸ್ತಕವನ್ನು ನಡುವಿನಲ್ಲಿ ತೆರೆದು, ಒತ್ತದೆ, ಎಡಪುಟದ ಸಾಲುಗಳ ಕೊನೆ ಕಾಣುತ್ತದೆಯೇ ನೋಡಿ. ಗಾಂಧಿಬಜಾರಿರಲಿ, ಚರ್ಚ್ ಸ್ಟ್ರೀಟ್ ಇರಲಿ, ಅಂಗಡಿಯವರು ಒಂದು ಕ್ಷಣ ಮುಖ ಗಂಟಿಕ್ಕಿದರೂ ಇದು ನಿಮ್ಮ ಹಕ್ಕು. ತಂದ ಹೊಸ ಪುಸ್ತಕವನ್ನು ಓದುವ ಮುನ್ನ ಪಳಗಿಸಿ. ಬೆನ್ನನ್ನು ಮೇಜಿನ ಮೇಲೆ ಊರಿ ಪುಸ್ತಕವನ್ನು ನೆಟ್ಟಗೆ ಹಿಡಿದು, ಮುಂದಿನಿಂದ ಇಪ್ಪತ್ತು ಮೂವತ್ತು ಹಾಳೆಗಳನ್ನು ಒರಗಿಸಿ ಒಳ ಅಂಚಿನುದ್ದಕ್ಕೂ ಬೆರಳಿನಿಂದ ಮೆಲ್ಲಗೆ ಸವರಬೇಕು, ಆಮೇಲೆ ಹಿಂದಿನಿಂದ ಅಷ್ಟೇ ಹಾಳೆಗಳನ್ನು ಒರಗಿಸಿ ಸವರಬೇಕು, ಹೀಗೆ ಎರಡೂ ಕಡೆಯಿಂದ ಸರದಿಯಂತೆ ನಡುವಿಗೆ ಬರಬೇಕು. ಇದರಿಂದ ಬಾಗುವಿಕೆ ಬೆನ್ನಿನ ಅಗಲಕ್ಕೆಲ್ಲ ಹಂಚಿಹೋಗುತ್ತದೆ, ಒಂದೇ ಗೆರೆಯಲ್ಲಿ ಬಿರುಕು ಬಿಡುವ ಸಂಭವ ಕಡಿಮೆಯಾಗುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮಾಡಬೇಡಿ, ಮಧ್ಯಾಹ್ನ ಮಾಡಿ. ನಡುಪುಟಕ್ಕೆ ನೇರವಾಗಿ ಹೋಗಿ ರಪ್ಪನೆ ಬಿಡಿಸುವುದು, ಓದುತ್ತಾ ಎದ್ದು ಹೋಗುವಾಗ ಪುಸ್ತಕವನ್ನು ಬೋರಲು ಹಾಕುವುದು, ರಕ್ಷಾಪುಟವನ್ನು ಪೂರ್ತಿ ಹಿಂದಕ್ಕೆ ಮಡಚಿ ಒಂದೇ ಕೈಯಲ್ಲಿ ಹಿಡಿಯುವುದು, ಈ ಮೂರೂ ಅಂಟನ್ನು ಮುರಿಯುತ್ತವೆ.

ಹಿಡಿಯುವ ವಿಷಯದಲ್ಲಿ ನನ್ನ ಸಲಹೆ, ಹಿಡಿಯದೇ ಇರುವುದು. ನಮ್ಮ ಮನೆಗಳಲ್ಲಿ ಪಾರಾಯಣಕ್ಕೆ ಬಳಸುವ ವ್ಯಾಸಪೀಠವನ್ನು ಕಾದಂಬರಿಗೂ ಬಳಸಬಹುದು, ದೇವರು ಬೇಸರಿಸಿಕೊಳ್ಳಲಾರ. ಅದರ ಎರಡು ಹಲಗೆಗಳು ಪುಸ್ತಕವನ್ನು ಪೂರ್ತಿ ಚಪ್ಪಟೆಯಾಗಲು ಬಿಡದೆ ಓರೆಯಾಗಿ ಹೊರುವುದರಿಂದ ಬೆನ್ನಿನ ಮೇಲೆ ಒತ್ತಡ ಬೀಳುವುದಿಲ್ಲ. ಹಳೆಯ ಗ್ರಂಥಗಳನ್ನು ಕಾಪಾಡುವ ಸಂಗ್ರಹಾಲಯಗಳಲ್ಲೂ ಪುಸ್ತಕವನ್ನು ಇದೇ ತತ್ವದ ಇಳಿಜಾರು ಆಸರೆಗಳ ಮೇಲೆ ಇಟ್ಟು ನೋಡಲು ಕೊಡುತ್ತಾರೆ. ಹೊಲಿದ ಪುರಾಣದ ಪುಸ್ತಕ ವ್ಯಾಸಪೀಠದ ಮೇಲೆ ತಾನೇ ನಿಲ್ಲುತ್ತದೆ, ನಿಮ್ಮ ಪೇಪರ್‌ಬ್ಯಾಕ್ ನಿಲ್ಲುವುದಿಲ್ಲ, ಜೊತೆಗೆ ಫ್ಯಾನಿನ ಗಾಳಿಯೂ ಪುಟ ಹಾರಿಸುತ್ತದೆ. ಅದಕ್ಕೆ ಎರಡು ಬೆರಳಗಲ, ಒಂದು ಗೇಣಿಗಿಂತ ತುಸು ಉದ್ದದ ಹತ್ತಿಬಟ್ಟೆಯ ಚೀಲ ಹೊಲಿದು, ಸಡಿಲವಾಗಿ ರಾಗಿ ತುಂಬಿ ಬಾಯಿ ಮುಚ್ಚಿ, ಪುಟಗಳ ಮೇಲ್ಭಾಗದಲ್ಲಿ ಅಡ್ಡಲಾಗಿ ಹಾಕಿಕೊಳ್ಳಿ. ಕಾಳು ಸಣ್ಣದಾದ್ದರಿಂದ ಪುಟದ ಕಮಾನಿಗೆ ಹೊಂದಿಕೊಂಡು ಕೂರುತ್ತದೆ, ರಾಗಿಗೆ ಹುಳವೂ ಬೇಗ ಹಿಡಿಯುವುದಿಲ್ಲ. ಮಲಗಿ ಓದುವವರಾದರೆ ಮಂಡಿ ಮಡಚಿ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಪುಸ್ತಕ ಇಡುವುದು ವಾಸಿ. ಮೆಟ್ರೋದಲ್ಲಿ ನಿಂತುಕೊಂಡು ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ 870 ಗ್ರಾಂ, ಇದನ್ನು ಮಾಡಲೇಬೇಡಿ.

ಹೆಬ್ಬೆರಳಿನ ನೋವನ್ನು ಹಗುರವಾಗಿ ಕಾಣಬೇಡಿ. ಪುಸ್ತಕವನ್ನು ಅಗಲಿಸಿ ಹಿಡಿಯುವಾಗ ಹೆಬ್ಬೆರಳು ಹೊರಚಾಚಿ ಬಲ ಹಾಕುತ್ತಲೇ ಇರುತ್ತದೆ. ಅದನ್ನು ಎಳೆಯುವ ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಕಿರಿದಾದ ಕೋಶದೊಳಗಿಂದ ಹಾದುಹೋಗುತ್ತವೆ, ಅಲ್ಲಿ ಉಜ್ಜಿ ಊತ ಬರಬಹುದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಮಣಿಕಟ್ಟನ್ನು ಬಾಗಿಸದೆ ನೇರವಾಗಿಡಿ. ಆಸರೆಯ ಮೇಲಿಟ್ಟು ಓದಲು ತೊಡಗಿದ ಮೇಲೂ ನೋವು ಕೆಲವು ವಾರ ಉಳಿದರೆ, ಅಥವಾ ರಾತ್ರಿ ಬೆರಳುಗಳು ಜೋಮು ಹಿಡಿದರೆ, ಅದು ನನ್ನ ಕಸುಬಿನ ಮಾತಲ್ಲ, ಮೂಳೆ ತಜ್ಞರಿಗೆ ತೋರಿಸಿ.

ಸಡಿಲವಾದ ಹಾಳೆಗಳಿಗೆ ಸೆಲ್ಲೋಟೇಪ್ ಹಚ್ಚಬೇಡಿ. ಅದು ಹಳದಿಗಟ್ಟಿ, ಅಂಟು ಜಿನುಗಿ, ಪಕ್ಕದ ಪುಟವನ್ನೂ ಹಿಡಿದುಕೊಳ್ಳುತ್ತದೆ. ಫೆವಿಕಾಲ್‌ನಂಥ ಬಿಳಿ ಪಿವಿಎ ಅಂಟನ್ನು ಹಾಳೆಯ ಒಳ ಅಂಚಿಗೆ ಎರಡು ಮಿ.ಮೀ. ಅಗಲಕ್ಕೆ ತೆಳುವಾಗಿ ಸವರಿ, ಹಾಳೆಯನ್ನು ಬೆನ್ನಿನ ಆಳಕ್ಕೆ ತಳ್ಳಿ, ಎರಡೂ ಪಕ್ಕ ಮೇಣದ ಕಾಗದ ಇಟ್ಟು, ಪುಸ್ತಕ ಮುಚ್ಚಿ, ರಾತ್ರಿಯಿಡೀ ಭಾರ ಹೇರಿಡಿ. ಐದಾರು ಹಾಳೆಗಳಿಗೆ ಇದು ಸಾಕು. ಬೆನ್ನೇ ಎರಡಾಗಿದ್ದರೆ ಬೈಂಡರ್ ಬಳಿ ಹೋಗಬೇಕು, ಹೋಗುವಾಗ ಒಂದು ಎಚ್ಚರ ಬೇಕು. ಹೆಚ್ಚಿನವರು ಹೇಳದೇ ಇದ್ದರೆ, ಗ್ರಂಥಾಲಯದ ಪುಸ್ತಕಗಳಿಗೆ ಮಾಡುವಂತೆ, ಒಳ ಅಂಚಿನ ಪಕ್ಕದಲ್ಲಿ ತೂತು ಕೊರೆದು ದಾರ ಹಾಕಿ ಬಿಗಿದುಬಿಡುತ್ತಾರೆ. ಹಾಳೆ ಮತ್ತೆಂದೂ ಉದುರುವುದಿಲ್ಲ ನಿಜ, ಆದರೆ ಅಂಚಿನ ಮೇಲೆ ಇನ್ನೂ ಸುಮಾರು ಒಂದು ಸೆಂ.ಮೀ. ಹೋಗಿ, ಈಗ ಅರ್ಧ ಕಾಣುವ ಅಕ್ಷರಗಳೂ ಕಾಣದಾಗುತ್ತವೆ. ಹಳೆಯ ಅಂಟನ್ನು ತೆಗೆದು, ಹಾಳೆಗಳ ಕಟ್ಟನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಬೀಸಣಿಗೆಯಾಗಿ ಬಾಗಿಸಿ ಪ್ರತಿ ಹಾಳೆಯ ಅಂಚಿಗೂ ಕೂದಲಗಲ ಬಿಳಿ ಅಂಟು ತಾಗುವಂತೆ ಸವರಿ, ಮೇಲೆ ತೆಳ್ಳಗಿನ ಬಟ್ಟೆ ಹಚ್ಚಿಕೊಡಿ ಎಂದು ಬಿಡಿಸಿ ಹೇಳಿ. ಕೈಕೆಲಸ ಬಲ್ಲ ಬೈಂಡರಿಗೆ ಇದು ಹೊಸದಲ್ಲ. ಸಮಯ ಹಿಡಿಯುವುದರಿಂದ ಹೆಚ್ಚು ಹಣ ಕೇಳಿದರೆ ಕೊಡುವುದು ನ್ಯಾಯ.

ಕೊನೆಯದಾಗಿ, ಎರಡು ಭಾಗ ಮಾಡಿಸುವ ವಿಚಾರ. ಪುಸ್ತಕ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಅದಕ್ಕೆ ಕತ್ತಿ ಹಾಕುವ ಮಾತು ಗದರಿಕೆ ತರುವುದು ಸಹಜ. ಕೈಬರಹವಿರುವ ಪ್ರತಿ, ಮತ್ತೆ ಸಿಗದ ಹಳೆಯ ಮುದ್ರಣ, ಹೊಲಿದ ಪುಸ್ತಕ, ಇವುಗಳಾದರೆ ನಾನೂ ಬೇಡವೆನ್ನುತ್ತೇನೆ. ಅಂಗಡಿಯಲ್ಲಿ ಇನ್ನೂ ಸಿಗುವ, ಬೆನ್ನು ಆಗಲೇ ಸೀಳಿದ, ಅಂಟಿಸಿದ ಪೇಪರ್‌ಬ್ಯಾಕ್ ಆದರೆ ನಿಶ್ಚಿಂತೆಯಿಂದ ಮಾಡಿಸಿ. ಹೇಗಿದ್ದರೂ ಯಂತ್ರವು ಅದನ್ನು ಹುಟ್ಟುವಾಗಲೇ 400 ತುಂಡು ಮಾಡಿದೆ, ನೀವು ಇನ್ನೊಂದು ಗೆರೆ ಎಳೆಯುತ್ತಿದ್ದೀರಿ ಅಷ್ಟೆ. ತಲಾ 430 ಗ್ರಾಮಿನ ಎರಡು ಪುಸ್ತಕಗಳಾಗುತ್ತವೆ, ಬೆನ್ನಿನ ದಪ್ಪ ಅರ್ಧಕ್ಕಿಳಿಯುತ್ತದೆ, ಒಳ ಅಂಚೂ ಬಿಡಿಸಿಕೊಳ್ಳುತ್ತದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಬೈಂಡರಿಗೆ ಬಿಡದೆ ನೀವೇ ಗುರುತು ಹಾಕಿ ಕೊಡಿ. ನಡುವಿನ ಆಸುಪಾಸಿನಲ್ಲಿ ಬಲಪುಟದಲ್ಲಿ, ಅಂದರೆ ಬೆಸ ಸಂಖ್ಯೆಯ ಪುಟದಲ್ಲಿ, ಆರಂಭವಾಗುವ ಅಧ್ಯಾಯವನ್ನು ಹುಡುಕಿ ಅದರ ಮುಂಚೆ ಚೀಟಿ ಇಡಿ. ಅಧ್ಯಾಯ ಎಡಪುಟದಲ್ಲಿ ಆರಂಭವಾದರೆ ಹಿಂದಿನ ಅಧ್ಯಾಯದ ಕೊನೆ ಅದೇ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಇರುವುದರಿಂದ ಒಂದು ಭಾಗದ ಕೊನೆಯ ಪುಟ ಇನ್ನೊಂದು ಭಾಗಕ್ಕೆ ಹೋಗಿಬಿಡುತ್ತದೆ. ಮೂಲ ರಕ್ಷಾಪುಟದ ಮುಂಭಾಗ ಮೊದಲ ಭಾಗಕ್ಕೆ, ಹಿಂಭಾಗ ಎರಡನೆಯದಕ್ಕೆ ಸೇರಲಿ. ಉಳಿದ ಎರಡು ಬದಿಗೆ 250ರಿಂದ 300 ಜಿಎಸ್‌ಎಂನ ಸಾದಾ ಕಾರ್ಡ್ ಹಾಕಿಸಿ, ಎರಡೂ ಬೆನ್ನುಗಳ ಮೇಲೆ ಹೆಸರು ಮತ್ತು ಭಾಗದ ಸಂಖ್ಯೆಯನ್ನು ಬರೆಸಿಕೊಳ್ಳಿ.